ಓದುಗರ ಪ್ರಶ್ನೆ: ಬೆಟ್ಟಕ್ಕೆ ಬೆಂಕಿ ಬಿದ್ದರೆ ಮನೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಳಗಿನ ಹಳ್ಳಿ. ಹಂಚಿನ ಮನೆ. ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡು), ಮುಂದೆ ಅಡಿಕೆ ತೋಟ. ಕೊಟ್ಟಿಗೆಗೆ ಈಗಲೂ ಅಡಿಕೆ ಸೋಗೆಯ ಮಾಡೇ (ಚಾವಣಿಯೇ) ಇದೆ. ಹೋದ ವರ್ಷ ಮಾರ್ಚಿನಲ್ಲಿ ಬೆಟ್ಟಕ್ಕೆ ಬಿದ್ದ ಬೆಂಕಿ ನಮ್ಮ ಹಿತ್ತಲ ಬೇಲಿವರೆಗೆ ಬಂದಿತ್ತು. ಊರವರೆಲ್ಲ ಸೇರಿ ಹಸಿ ಸೊಪ್ಪಿನಲ್ಲಿ ಬಡಿದು ನಂದಿಸಿದರು. ಈ ಸಲದ ಬಿಸಿಲು ನೋಡಿ ರಾತ್ರಿ ನಿದ್ದೆಯೇ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಲ್ಲಿ ನಾನು, ನಮ್ಮನೆಯವರು, ವಯಸ್ಸಾದ ಅತ್ತೆ ಅಷ್ಟೇ. ಮನೆ ಸುತ್ತಲಿನ ಮಾವು, ಹಲಸು ಎಲ್ಲ ಕಡಿಸಿಬಿಡೋಣ ಅಂತ ಇವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಕ್ಕಾ, ಮರ ಕಡಿಸಬೇಡಿ. ಹಸಿರು ತುಂಬಿದ ಹಲಸಿನ ಮರಕ್ಕೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ನಮ್ಮ ಕಡೆಯ ಕಾಡುಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯುವ ಬೆಂಕಿ. ಅದಕ್ಕೆ ಬೇಕಾದದ್ದು ದರಕು (ಉದುರಿದ ಒಣ ಎಲೆ), ಕರಡ (ಒಣ ಹುಲ್ಲು), ಬಿದ್ದ ಟೊಂಗೆ. ಮರ ಕಡಿದರೆ ನೆರಳು ಹೋಗಿ ನೆಲ ಇನ್ನೂ ಒಣಗುತ್ತದೆ, ಆ ಜಾಗದಲ್ಲಿ ಹುಲ್ಲು, ಯುಪಟೋರಿಯಂ ಕಳೆ ಎದ್ದು ಮುಂದಿನ ಬೇಸಿಗೆಗೆ ಅದೇ ಬೆಂಕಿಗೆ ಮೇವಾಗುತ್ತದೆ. ಮಾಡಿಗೆ ತಾಗುವ ಕೊಂಬೆ, ಒಣಗಿದ ಕೊಂಬೆ ಇದ್ದರೆ ಅಷ್ಟನ್ನು ಮಾತ್ರ ಸವರಿಸಿ. ಇಷ್ಟು ಹೇಳಿ ನಿಮ್ಮನೆಯವರನ್ನು ಒಪ್ಪಿಸಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ಬೆಟ್ಟ ಉರಿಯುವಾಗ ಮನೆಗೆ ಮೊದಲು ಬರುವುದು ಕಿಡಿ. ಗಾಳಿ ಜೋರಿದ್ದರೆ ಉರಿಯುವ ಎಲೆ, ತೊಗಟೆಯ ಚೂರು ಬೇಲಿ ದಾಟಿ, ಅಂಗಳ ದಾಟಿ ಹಾರಿ ಬರುತ್ತದೆ. ಸಾರಿಸಿದ ಅಂಗಳದ ಮೇಲೆ ಬಿದ್ದರೆ ತನ್ನಷ್ಟಕ್ಕೆ ಆರುತ್ತದೆ. ಅದೇ ಕಿಡಿ ಮಾಡಿನ ಅಂಚಿನ ನೀರು ಹರಿಯುವ ದೋಣಿಯಲ್ಲಿ ಕೂತರೆ, ಎರಡು ಮಾಡು ಸೇರುವ ಮೂಲೆಯಲ್ಲಿ ವರ್ಷಗಟ್ಟಲೆ ತುಂಬಿದ ಎಲೆಯ ಮೇಲೆ ಬಿದ್ದರೆ, ಒಳಗೆ ಹಂಚಿನ ಕೆಳಗಿನ ಮರದ ರೀಪು, ಪಕಾಸಿಗೆ ಹತ್ತುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ನಾಳೆಯೇ ಒಬ್ಬರನ್ನು ಏಣಿ ಹತ್ತಿಸಿ ಮಾಡಿನ ಮೇಲಿನ ದರಕು ಗುಡಿಸಿಸಿ. ಒಡೆದ ಹಂಚು ಬದಲಿಸಿ.

ಆಮೇಲೆ ಗೋಡೆಯಿಂದ ಐದು ಅಡಿ. ಮನೆಯ ಸುತ್ತ ಈ ಐದು ಅಡಿಯಲ್ಲಿ ಸುಡುವಂಥದ್ದು ಏನೂ ಇರಬಾರದು. ನಮ್ಮ ಮನೆಗಳಲ್ಲಿ ಅಲ್ಲೇ ಎಲ್ಲ ಇರುತ್ತದೆ ಅಲ್ವಾ? ಮಳೆಗಾಲಕ್ಕೆಂದು ಮಾಡಿನ ಕೆಳಗೆ ಪೇರಿಸಿದ ಕಟ್ಟಿಗೆ, ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಖಾಲಿ ಗೋಣಿಚೀಲ, ಹರಿದ ಪ್ಲಾಸ್ಟಿಕ್ ಹೊದಿಕೆ. ಮೇ ಕೊನೆಯವರೆಗೆ ಇದನ್ನೆಲ್ಲ ದೂರ ಇಡಿ, ಮಳೆ ಹತ್ತಿರ ಬಂದಾಗ ಒಳಗೆ ತಂದರಾಯಿತು. ಅಲ್ಲಿಂದ ಮುಂದೆ ಮೂವತ್ತು ಅಡಿವರೆಗೆ ದರಕು ಗುಡಿಸಿ. ಬೆಟ್ಟದ ಕಡೆ ಇನ್ನೂ ಜಾಸ್ತಿ ದೂರ ಗುಡಿಸಿ, ಬೇಲಿಯ ಆಚೆ ಹತ್ತಡಿ ಅಗಲಕ್ಕೆ ನೆಲ ಕಾಣುವಂತೆ ಕೆರೆದ ದಾರಿ ಮಾಡಿ. ಬೆಂಕಿ ಏರಿನಲ್ಲಿ ಜೋರಾಗಿ ಓಡುತ್ತದೆ, ಇಳಿಜಾರಿನಲ್ಲಿ ನಿಧಾನ. ನಿಮ್ಮ ಮನೆ ಬೆಟ್ಟದ ಬುಡದಲ್ಲಿರುವುದು ಆ ಮಟ್ಟಿಗೆ ಅನುಕೂಲ. ಆದರೆ ಉರಿಯುವ ಕೊರಡುಗಳು ಉರುಳಿ ಕೆಳಗೆ ಬರುತ್ತವೆ, ಅವನ್ನು ತಡೆಯಲು ಆ ದಾರಿಯ ಕೆಳಬದಿಗೆ ಒಂದು ಸಣ್ಣ ಅಗಳವೂ ಇರಲಿ.

ಗುಡಿಸಿದ ದರಕು ಸುಡಬೇಡಿ. ಕೊಟ್ಟಿಗೆಗೆ, ಗೊಬ್ಬರಗುಂಡಿಗೆ, ತೋಟದ ಮರದ ಬುಡಕ್ಕೆ ಹಾಕಿ. ನಮ್ಮ ಹಿರಿಯರು ಬೇಸಿಗೆ ಶುರುವಾಗುತ್ತಿದ್ದಂತೆ ಹೆಡಿಗೆ ಹೊತ್ತು ಬೆಟ್ಟಕ್ಕೆ ಹೋಗುತ್ತಿದ್ದದ್ದು ಇದಕ್ಕೇ. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಸಿಕ್ಕಿದ್ದು ಸೊಪ್ಪು, ದರಕಿಗಾಗಿ. ಆಗ ಬೆಟ್ಟದಲ್ಲಿ ಉರಿಯಲು ಜಾಸ್ತಿ ಉಳಿಯುತ್ತಿರಲಿಲ್ಲ. ಈಗ ಆಳು ಸಿಗುವುದಿಲ್ಲ, ದನಗಳೂ ಕಡಿಮೆ, ದರಕು ಮೊಳಕಾಲುದ್ದ ಬಿದ್ದಿರುತ್ತದೆ. ಇಡೀ ಬೆಟ್ಟ ಗುಡಿಸಲು ಯಾರಿಂದಲೂ ಆಗದು. ಮನೆಯ ಮಗ್ಗುಲಿನದ್ದಾದರೂ ತೆಗೆಯಿರಿ.

ಕೊಟ್ಟಿಗೆಯ ಸೋಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಸಾಧ್ಯವಾದರೆ ಈ ವರ್ಷವೇ ಹಂಚು ಇಲ್ಲವೇ ಶೀಟು ಹಾಕಿಸಿ. ಆಗದಿದ್ದರೆ ಬೆಟ್ಟದಲ್ಲಿ ಹೊಗೆ ಕಂಡ ಕೂಡಲೇ ಸೋಗೆ ಪೂರ್ತಿ ನೆನೆಯುವಂತೆ ನೀರು ಹೊಡೆಯಿರಿ. ಹುಲ್ಲನ್ನು ಕೊಟ್ಟಿಗೆ ಅಟ್ಟದಲ್ಲಿ ತುಂಬಬೇಡಿ. ಬಣವೆ ಮನೆ, ಕೊಟ್ಟಿಗೆ ಎರಡರಿಂದಲೂ ಐವತ್ತು ಅಡಿಯಾದರೂ ದೂರ ಇರಲಿ. ಅಕಾಲ ಮಳೆಗೆ ನೆನೆದ ಹುಲ್ಲನ್ನು ಒಣಗಿಸದೆ ಒಟ್ಟಿದರೆ ಒಳಗೊಳಗೇ ಕಾವು ಏರಿ, ಹೊರಗಿನ ಕಿಡಿಯೇ ಇಲ್ಲದೆ ಹತ್ತಿಕೊಳ್ಳಬಹುದು. ಕೈ ಹಾಕಿದರೆ ಬಿಸಿ ಅನಿಸಿದರೆ, ಸುಟ್ಟ ವಾಸನೆ ಬಂದರೆ ಒಬ್ಬರೇ ಕೆದಕಲು ಹೋಗಬೇಡಿ. ಗಾಳಿ ಸಿಕ್ಕ ಕೂಡಲೇ ಭಗ್ಗೆನ್ನುತ್ತದೆ. ನೀರು, ಜನ ಎರಡೂ ಜೊತೆಗಿರಬೇಕು.

ಇನ್ನೊಂದು ಮಾತು. ನಮ್ಮ ಮನೆಯ ಕೊಟ್ಟಿಗೆ ಸುಟ್ಟದ್ದು ಬಚ್ಚಲ ಒಲೆಯ ಬೂದಿಯಿಂದ. ಬೆಟ್ಟದಲ್ಲಿ ಆ ದಿನ ಒಂದು ಕಿಡಿಯೂ ಇರಲಿಲ್ಲ. ಬೆಳಿಗ್ಗೆ ತಣ್ಣಗೆ ಕಂಡ ಬೂದಿಯನ್ನು ಗೊಬ್ಬರಗುಂಡಿಗೆ ಸುರಿದಿದ್ದೆವು, ಮಧ್ಯಾಹ್ನ ಗಾಳಿ ಎದ್ದಾಗ ಪಕ್ಕದ ಅಡಿಕೆ ಸಿಪ್ಪೆ ರಾಶಿಗೆ ಹತ್ತಿ, ಅಲ್ಲಿಂದ ಸೋಗೆಗೆ ಹೋಯಿತು. ಎರಡು ಕರುಗಳನ್ನು ಉಳಿಸಲು ಆಗಲಿಲ್ಲ. ಬೂದಿಯೊಳಗೆ ಕೆಂಡ ಒಂದೆರಡು ದಿನ ಬದುಕಿರುತ್ತದೆ. ದಯವಿಟ್ಟು ಬೂದಿಗೆ ನೀರು ಹಾಕಿ, ಕಲಸಿ, ಮತ್ತೆ ನೀರು ಹಾಕಿ ಹೊರಗೆ ಒಯ್ಯಿರಿ.

ಪ್ರಶ್ನೆ: ಕುಮಟಾ ಹತ್ತಿರ ನಮಗೆ ಗೇರು ಹಿತ್ತಲಿದೆ. ಬೀಜ ಬೀಳುವ ಮೊದಲು ಎಲೆ ಗುಡಿಸಿ ಸುಡುವುದು ರೂಢಿ. ಬೆಳಿಗ್ಗೆ ಬೇಗ ಸುಟ್ಟರೆ ತೊಂದರೆ ಇಲ್ಲ ಅನ್ನುತ್ತಾರೆ, ಹೌದಾ?

ಉತ್ತರ: ಬೆಳಿಗ್ಗೆ ತಂಪಿರುತ್ತದೆ, ನಿಜ. ಆದರೆ ಕರಾವಳಿಯಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಬೆಳಿಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಶುರು. ಬೆಳಿಗ್ಗೆ ಪಡುವಣಕ್ಕೆ ವಾಲುತ್ತಿದ್ದ ಬೆಂಕಿ ಮಧ್ಯಾಹ್ನದ ಹೊತ್ತಿಗೆ ತಿರುಗಿ ಮೂಡಣಕ್ಕೆ ಓಡುತ್ತದೆ, ನೀವು ಆಚೆ ಕಡೆ ಕಾಯುತ್ತಿರುತ್ತೀರಿ. ಮೂಡಣ ಗಾಳಿ ಬಲವಾಗಿದ್ದು ಸಮುದ್ರದ ಗಾಳಿ ತಡವಾದ ದಿನಗಳೇ ಇಲ್ಲಿ ಅತಿ ಸೆಕೆಯ ದಿನಗಳು. ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಏರಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಬಯಲಿಗೆ ಈ ಲೆಕ್ಕ 40 ಡಿಗ್ರಿ. ಅಂಥ ಎಚ್ಚರಿಕೆ ಬಂದ ದಿನ ಹಿತ್ತಲಲ್ಲಿ ಬೆಂಕಿಕಡ್ಡಿ ಗೀರಲೇಬೇಡಿ.

ನನ್ನ ಮಾತು ಕೇಳುವುದಾದರೆ ಸುಡುವ ರೂಢಿಯನ್ನೇ ಬಿಡಿ. ಗೇರಿನ ಬುಡಕ್ಕೆ ಆ ಎಲೆಯೇ ಗೊಬ್ಬರ. ಸಾಲಿನ ನಡುವೆ ಗುಂಡಿ ತೆಗೆದು ತುಂಬಿ, ಮೇಲೆ ಮಣ್ಣು ಹಾಕಿ. ಪಕ್ಕದಲ್ಲಿ ಅಕೇಶಿಯಾ ನೆಡುತೋಪು ಇದ್ದರಂತೂ ಒಂದು ಕಿಡಿ ಸಾಕು. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ ಅನ್ನುವುದೂ ನೆನಪಿರಲಿ.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ದಂಡೆಗೇ ನಮ್ಮ ಮನೆ. ಅಂಗಳಕ್ಕೆ ತೆಂಗಿನ ಮಡ್ಲಿನ (ಗರಿಯ) ಚಪ್ಪರ. ಅದರ ಕೆಳಗೆ ಬಲೆ, ದೋಣಿ ಎಂಜಿನ್ನಿನ ಪೆಟ್ರೋಲ್ ಕ್ಯಾನ್. ಸಮುದ್ರ ಪಕ್ಕದಲ್ಲೇ ಇರುವಾಗ ಭಯ ಬೇಕಾ?

ಉತ್ತರ: ಬೇಕು ತಮ್ಮಾ. ನೈಲಾನ್ ಬಲೆ ಕರಗಿ ಉರಿಯುತ್ತದೆ, ಆ ಹನಿ ಮೈಗೆ ಅಂಟಿದರೆ ಬಿಡುವುದಿಲ್ಲ. ಕ್ಯಾನನ್ನು ಇವತ್ತೇ ಅಲ್ಲಿಂದ ತೆಗೆಯಿರಿ. ಮುಚ್ಚಳ ಬಿಗಿ ಮಾಡಿ ನೆರಳಿನಲ್ಲಿ, ಮನೆಯಿಂದ, ಒಲೆಯಿಂದ ದೂರ ಇಡಿ. ಪೆಟ್ರೋಲ್ ಆವಿ ನೆಲಮಟ್ಟದಲ್ಲೇ ಹರಿದುಹೋಗಿ ದೂರದ ಬೀಡಿ ಕಿಡಿಗೂ ಹತ್ತುತ್ತದೆ. ಮದುವೆ, ಪೂಜೆ ಅಂತ ಮಡ್ಲಿನ ಚಪ್ಪರದ ಕೆಳಗೆ ಒಲೆ ಹೂಡಬೇಡಿ. ಹತ್ತಿರ ಗಾಳಿಮರ (ಸರ್ವೆ ಮರ) ಇದ್ದರೆ ಅದರ ಉದುರಿದ ಎಲೆಯೂ ಬೆಂಕಿಗೆ ಬಲು ಇಷ್ಟ, ಗುಡಿಸಿಡಿ.

ಪ್ರಶ್ನೆ: ಅಗ್ನಿಶಾಮಕದವರು ಬರುವವರೆಗೆ ಏನು ಮಾಡಬೇಕು? ನಮ್ಮ ಹಳ್ಳಿ ರಸ್ತೆಯಲ್ಲಿ ಅವರ ಗಾಡಿ ಬರುವುದೇ ಕಷ್ಟ. (ಸಿದ್ದಾಪುರದಿಂದ)

ಉತ್ತರ: ಮೊದಲು 112 ಅಥವಾ 101ಕ್ಕೆ ಫೋನ್ ಮಾಡಿ. ಊರಿನ ಹೆಸರಿನ ಜೊತೆ ಗುರುತು ಹೇಳಿ: ಯಾವ ಶಾಲೆ ದಾಟಿ, ಯಾವ ಕಾಲುಸಂಕದ ಹತ್ತಿರ ಅಂತ. ಒಬ್ಬ ಹುಡುಗನನ್ನು ಬೈಕಿನಲ್ಲಿ ಡಾಂಬರು ರಸ್ತೆಗೆ ಕಳಿಸಿ. ದಣಪೆ (ಬೇಲಿಯ ಬಾಗಿಲು) ತೆಗೆದಿಡಿ, ಅಡ್ಡ ನಿಂತ ವಾಹನ ಬದಿಗೆ ಸರಿಸಿ.

ಮಕ್ಕಳು, ವಯಸ್ಸಾದವರು ಮೊದಲು ತೋಟದ ಕಡೆ ಇಳಿಯಲಿ, ಅಲ್ಲಿ ನೆಲ ಹಸಿಯಾಗಿರುತ್ತದೆ. ದನಗಳ ಹಗ್ಗ ಬಿಚ್ಚುತ್ತ ಕೂರಲು ಸಮಯ ಇರುವುದಿಲ್ಲ, ಕೊಟ್ಟಿಗೆ ಬಾಗಿಲ ಹತ್ತಿರ ಒಂದು ಕತ್ತಿ ಯಾವಾಗಲೂ ಸಿಕ್ಕಿಸಿಡಿ, ಹಗ್ಗ ಕೊಯ್ದು ಹೊರಗೆ ಅಟ್ಟಿ. ಅವು ಗಾಬರಿಯಲ್ಲಿ ಮತ್ತೆ ಒಳಗೇ ನುಗ್ಗದಂತೆ ಬಾಗಿಲು ಹಾಕಿ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಮೇನ್ ಸ್ವಿಚ್ ಆಫ್ ಮಾಡಿ. ಕರೆಂಟ್ ತಂತಿ ಬಿದ್ದಿದ್ದರೆ ನೀರು ಹೊಡೆಯಲೇಬೇಡಿ, ಹತ್ತಿರವೂ ಹೋಗದೆ 1912ಕ್ಕೆ ಹೇಳಿ ಲೈನ್ ಬಂದ್ ಮಾಡಿಸಿ.

ಕರೆಂಟ್ ಹೋದರೆ ಪಂಪ್‌ಸೆಟ್ ನಿಲ್ಲುತ್ತದೆ. ಹಾಗಾಗಿ ಬೇಸಿಗೆ ಪೂರ್ತಿ ಎರಡು ಡ್ರಮ್ ನೀರು ಮನೆ ಹಿಂದೆ ತುಂಬಿರಲಿ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಪಂಪು ಮಳೆಗಾಲದವರೆಗೆ ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತದಲ್ಲ, ಅದನ್ನು ಚೆನ್ನಾಗಿ ತೊಳೆದು, ವಾಷರ್ ನೋಡಿ, ಪೈಪು ಜೋಡಿಸಿ ಡ್ರಮ್ಮಿನ ಪಕ್ಕ ಇಡಿ. ಅಡಿಕೆ ಮರದ ಗೊನೆಗೆ ಔಷಧಿ ಮುಟ್ಟಿಸುವ ಪಂಪು ಮಾಡಿನ ಮೇಲಿನ ಕಿಡಿಗೂ ನೀರು ಮುಟ್ಟಿಸುತ್ತದೆ. ಸೊಪ್ಪಿನಲ್ಲಿ ಬಡಿಯಲು ಹೋಗುವವರು ಹತ್ತಿ ಬಟ್ಟೆ ಹಾಕಿ, ಸುಟ್ಟುಹೋದ ನೆಲದ ಕಡೆಯಿಂದ, ಬದಿಯಿಂದ ಬಡಿಯಲಿ. ಬೆಂಕಿಯ ಎದುರಿಗೆ, ಏರಿನ ಮೇಲೆ ನಿಲ್ಲಬಾರದು. ಎದುರು ಬೆಂಕಿ ಕೊಡುವುದು (ಬರುವ ಬೆಂಕಿಯ ಮುಂದೆ ನಾವೇ ಸುಟ್ಟು ಅದನ್ನು ತಡೆಯುವುದು) ಪಳಗಿದವರ ಕೆಲಸ. ಸುಟ್ಟ ಗಾಯಕ್ಕೆ ತುಪ್ಪ, ಪೇಸ್ಟ್ ಬೇಡ. 20 ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಂಕಿ ಆರಿತು ಅಂತ ಎಲ್ಲರೂ ಮನೆಗೆ ಹೋಗಿ ಮಲಗಬೇಡಿ. ಆ ರಾತ್ರಿ ಇಬ್ಬರು ಎಚ್ಚರ ಇರಲಿ. ಗಂಟೆಗೊಮ್ಮೆ ಟಾರ್ಚ್ ಆರಿಸಿ ಕತ್ತಲಲ್ಲಿ ಮಾಡು, ಬಣವೆ, ಕಟ್ಟಿಗೆ ರಾಶಿ ನೋಡಿ. ಕೆಂಡ ಇದ್ದರೆ ಕತ್ತಲಲ್ಲೇ ಚೆನ್ನಾಗಿ ಕಾಣುತ್ತದೆ.