ಬಾಣಂತನದ ಸುಸ್ತೋ, ಥೈರಾಯ್ಡೋ?

ಪ್ರಶ್ನೆ: ಮಗುವಿಗೆ ಆರು ತಿಂಗಳು. ಮೂರನೇ ತಿಂಗಳ ಹೊತ್ತಿಗೆ ನನಗೆ ಎದೆ ಡವಡವ ಅನ್ನುತ್ತಿತ್ತು, ಕೈ ನಡುಗುತ್ತಿತ್ತು, ತೂಕವೂ ಇಳಿಯಿತು. ಈಗ ಪೂರಾ ಉಲ್ಟಾ. ಸುಸ್ತು, ಮೈ ಭಾರ, ಎರಡು ಕಂಬಳಿ ಹೊದ್ದರೂ ಚಳಿ. ಪಥ್ಯ ಬಿಟ್ಟಿದ್ದಕ್ಕೆ ಶೀತ ಹಿಡಿದಿದೆ ಅಂತಾರೆ ಅತ್ತೆ. ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 18 ಇದೆ, ಮಾತ್ರೆ ಕೊಟ್ಟಿದ್ದಾರೆ. ಹಾಲು ಕುಡಿಸುವಾಗ ತಗೊಳ್ಳಬಹುದಾ? ಜೀವನಪೂರ್ತಿ ಬೇಕಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಾತ್ರೆ ತಗೊಳ್ಳಿ, ಹಾಲೂ ಕುಡಿಸಿ. ಟಿಎಸ್‌ಎಚ್ ಹೀಗೆ ಏರಿದೆ ಅಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ ಅಂತ. ಇದು ನಿಮ್ಮ ಮೈಯಲ್ಲಿ ಕಡಿಮೆಯಾದ ಆ ಹಾರ್ಮೋನನ್ನೇ ತುಂಬಿಕೊಡುವ ಮಾತ್ರೆ. ಮಗುವಿಗೆ ತೊಂದರೆ ಇಲ್ಲ.

ಪಥ್ಯ ತಪ್ಪಿದ್ದಕ್ಕೆ ಇದು ಬಂದಿಲ್ಲ. ಬಸುರಿಯಲ್ಲಿ ನಮ್ಮ ರೋಗನಿರೋಧಕ ಶಕ್ತಿ ಸ್ವಲ್ಪ ತಗ್ಗಿರುತ್ತದೆ. ಹೆರಿಗೆಯಾದ ಮೇಲೆ ಅದು ಚುರುಕಾಗುತ್ತದೆ. ಕೆಲವರಲ್ಲಿ ಕತ್ತಿನ ಥೈರಾಯ್ಡ್ ಗ್ರಂಥಿಯ ಮೇಲೇ ತಿರುಗಿಬಿದ್ದು ಅಲ್ಲಿ ಉರಿಯೂತ ಆಗುತ್ತದೆ. ನೋವು ಇರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ನೂರು ಬಾಣಂತಿಯರಲ್ಲಿ ಸುಮಾರು ಐದು ಜನರಿಗೆ ಹೀಗಾಗುತ್ತದೆ.

ಕಣಜ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಮೊದಲು ಭತ್ತ ಸುರಿದು ಅಂಗಳವೆಲ್ಲ ತುಂಬುತ್ತದೆ. ಆಮೇಲೆ ನೋಡಿದರೆ ಕಣಜ ಖಾಲಿ. ಮೂರನೇ ತಿಂಗಳ ಡವಡವ ಆ ಸುರಿದ ಭತ್ತ, ಅಂದರೆ ಗ್ರಂಥಿಯಿಂದ ರಕ್ತಕ್ಕೆ ಸೋರಿದ ಹಾರ್ಮೋನು. ಈಗಿನ ಚಳಿ, ಸುಸ್ತು ಖಾಲಿ ಕಣಜದ್ದು. ಎಲ್ಲರಿಗೂ ಎರಡೂ ಹಂತ ಕಾಣಿಸಬೇಕೆಂದಿಲ್ಲ. ಡವಡವದ ಹಂತದಲ್ಲಿರುವ ಬೇರೆ ಓದುಗರಿಗೆ ಒಂದು ಮಾತು: ಥೈರಾಯ್ಡ್ ಅತಿಯಾಗಿ ಹಾರ್ಮೋನು ತಯಾರಿಸುವ ಗ್ರೇವ್ಸ್ ಕಾಯಿಲೆಯಲ್ಲೂ ಹೀಗೇ ಆಗುತ್ತದೆ, ಅದರ ಚಿಕಿತ್ಸೆ ಬೇರೆ. ಪರೀಕ್ಷೆ ಮಾಡಿಸಿಕೊಳ್ಳಿ. ವಿಕಿರಣದ ಸ್ಕ್ಯಾನ್ ಬರೆದುಕೊಟ್ಟರೆ ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿ.

ಮಾತ್ರೆ ತಗೊಳ್ಳುವ ರೀತಿಯಲ್ಲೇ ತುಂಬಾ ಜನ ಎಡವುತ್ತಾರೆ. ಬೆಳಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ಕಷಾಯ ಎಲ್ಲ ಅರ್ಧದಿಂದ ಒಂದು ಗಂಟೆ ಬಿಟ್ಟು. ಬಾಣಂತಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಿದರೆ ಇದು ಮೈಗೆ ಹತ್ತುವುದಿಲ್ಲ. ನಾಲ್ಕು ಗಂಟೆ ಅಂತರ ಇರಲಿ. ಆ ಮಾತ್ರೆಗಳನ್ನು ಊಟದ ಡಬ್ಬಿಯ ಪಕ್ಕ ಇಡಿ, ಇದನ್ನು ಹಾಸಿಗೆಯ ತಲೆದೆಸೆಯಲ್ಲಿ.

ಜೀವನಪೂರ್ತಿಯಾ? ಬಹಳ ಜನರಿಗೆ ಒಂದೂವರೆ ವರ್ಷದೊಳಗೆ ಗ್ರಂಥಿ ತಾನೇ ಸುಧಾರಿಸುತ್ತದೆ. ಕೆಲವರಿಗೆ ಮಾತ್ರ ಮಾತ್ರೆ ಉಳಿಯುತ್ತದೆ. ರಕ್ತದಲ್ಲಿ ಟಿಪಿಒ ಪ್ರತಿಕಾಯ (ಥೈರಾಯ್ಡ್ ವಿರುದ್ಧ ಮೈಯೇ ತಯಾರಿಸುವ ಅಂಶ) ಇರುವವರಲ್ಲಿ ಆ ಸಾಧ್ಯತೆ ಜಾಸ್ತಿ. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸಿ. ವರ್ಷದ ಹೊತ್ತಿಗೆ ವೈದ್ಯರು ಡೋಸ್ ಇಳಿಸಿ ನೋಡಬಹುದು. ಹುಷಾರಾದೆ ಅಂತ ಸುಮ್ನೆ ನೀವೇ ನಿಲ್ಲಿಸಬೇಡಿ. ಪೂರ್ತಿ ಸರಿಹೋದ ಮೇಲೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದಕ್ಕೂ ಮೊದಲೇ ನೋಡಿಸಿ.

ಅತ್ತೆಯವರಿಗೆ ಈ ರಿಪೋರ್ಟ್ ತೋರಿಸಿ. ಅವರ ಎಣ್ಣೆ-ನೀರು, ಮೆಣಸಿನ ಸಾರು ಮೈಗೆ ಹಿತವೇ, ಬಿಡಬೇಕಿಲ್ಲ. ಆದರೆ ಈ ಸುಸ್ತು ಸೋಮಾರಿತನ ಅಲ್ಲ ಅಂತ ಅವರಿಗೂ ಗೊತ್ತಾಗಲಿ. ರಾತ್ರಿ ಮಗುವನ್ನು ಎತ್ತಿಕೊಳ್ಳುವ ಒಂದು ಸರದಿ ನಿಮ್ಮ ಯಜಮಾನರದ್ದಾಗಲಿ.

ಸುಸ್ತಿನ ಜೊತೆ ಅಳು ಉಕ್ಕಿ ಬರುತ್ತಿದೆಯಾ, ಬದುಕೇ ಬೇಡ ಅನಿಸುತ್ತಿದೆಯಾ? ಮಾತ್ರೆ ಕೆಲಸ ಮಾಡಲಿ ಅಂತ ಕಾಯಬೇಡಿ. ಮನೆಯವರಿಗೆ ಹೇಳಿ, ಅವತ್ತೇ ವೈದ್ಯರನ್ನು ಕಾಣಿ. ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.