ಒಂದೇ ವಿಪಿಎಸ್‌ನಲ್ಲಿ ನಾಲ್ಕು ಗ್ರಾಹಕರ ಆ್ಯಪ್: ಟಾಮ್‌ಕ್ಯಾಟ್ ಒಂದು ಸಾಕಾ, ನಾಲ್ಕು ಬೇಕಾ?

8 ಜಿಬಿ ರ‍್ಯಾಮ್‌ನ ಲಿನಕ್ಸ್ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಇದೆ, ನಾಲ್ಕು ಗ್ರಾಹಕರ ಜಾವಾ ಆ್ಯಪ್ ಓಡಬೇಕು, ಜಾವಾ ವೆಬ್ ಆ್ಯಪ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್ ಒಂದೇ ಇಟ್ಟು ಅದಕ್ಕೆ ನಾಲ್ಕೂ ವಾರ್ ಫೈಲ್ (ಆ್ಯಪ್‌ನ ಪ್ಯಾಕೇಜ್) ಹಾಕಿದರೆ ಆಗಲ್ವಾ ಅಂತ ಕೇಳಿದ್ದೀರಿ. ಆಗುತ್ತದೆ. ನಾನೂ ಹಾಗೇ ಮಾಡಿದ್ದೆ. ಒಂದು ದಿನ ಒಬ್ಬ ಗ್ರಾಹಕರು ಇಡೀ ವರ್ಷದ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಲು ಹೋದರು. ಹೀಪ್, ಅಂದರೆ ಜಾವಾ ಆ್ಯಪ್ ಡೇಟಾ ಇಡುವ ಮೆಮೊರಿ, ತುಂಬಿತು, ಉಳಿದ ಮೂವರ ಸೈಟೂ ಜೊತೆಗೇ ಮಲಗಿತು. ಫೋನ್ ಮಾಡಿ ಬೈದವರು ಆ ಮೂವರು, ಎಕ್ಸೆಲ್ ಇಳಿಸಿದವರಲ್ಲ!

ಟಾಮ್‌ಕ್ಯಾಟ್ ಒಂದೇ ಆದರೆ ಜೆವಿಎಂ (ಜಾವಾ ಕೋಡ್ ಓಡಿಸುವ ಪ್ರೋಗ್ರಾಂ) ಒಂದೇ. ಜೆವಿಎಂ ಒಂದೇ ಆದರೆ ಮೆಮೊರಿಯೂ ಒಂದೇ, ಲಿನಕ್ಸ್ ಯೂಸರ್ ಕೂಡ ಒಂದೇ. ಒಬ್ಬರ ಆ್ಯಪ್‌ನಲ್ಲಿ ತೂತಿದ್ದರೆ ಅಲ್ಲಿಂದ ಇನ್ನೊಬ್ಬರ ಡೇಟಾಬೇಸ್ ಪಾಸ್‌ವರ್ಡ್ ಓದಬಹುದು. ಕೋಡ್ ಏನೇನು ಮಾಡಬಹುದು ಅಂತ ಮಿತಿ ಹಾಕುವ ಜಾವಾದ ಸೆಕ್ಯುರಿಟಿ ಮ್ಯಾನೇಜರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಜಾವಾ 17ರಲ್ಲೇ ಅದನ್ನು ತೆಗೆದುಹಾಕುವ ಪಟ್ಟಿಗೆ ಸೇರಿಸಿದ್ದಾರೆ.

ಹಾಗಾಗಿ ತಲಾ ಒಂದು ಟಾಮ್‌ಕ್ಯಾಟ್. ಆದರೆ ನಾಲ್ಕು ಸಲ ಇನ್‌ಸ್ಟಾಲ್ ಮಾಡಬೇಕಿಲ್ಲ. ಬಿನ್, ಲಿಬ್ ಇರುವ ಮೂಲ ಫೋಲ್ಡರ್ ಒಂದೇ ಸಾಕು, ಅದು ಕ್ಯಾಟಲಿನಾ ಹೋಮ್. ಪ್ರತಿ ಗ್ರಾಹಕರಿಗೆ ಬೇರೆ ಕ್ಯಾಟಲಿನಾ ಬೇಸ್: ಕಾನ್ಫ್, ಲಾಗ್ಸ್, ಟೆಂಪ್, ವೆಬ್‌ಆ್ಯಪ್ಸ್, ವರ್ಕ್ ಅದರೊಳಗೆ. ಪ್ರತಿ ಬೇಸ್‌ಗೂ ಅದರದೇ ಲಿನಕ್ಸ್ ಯೂಸರ್, ಪರ್ಮಿಶನ್ 700, ಅಂದರೆ ಆ ಯೂಸರ್ ಬಿಟ್ಟು ಬೇರೆಯವರು ಒಳಗೆ ನೋಡುವಂತಿಲ್ಲ. ಹಳೇ ವಠಾರದ ಹಾಗೆ, ಬಾವಿ ಒಂದೇ, ಬೀಗ ಬೇರೆ ಬೇರೆ. ಅಪ್‌ಡೇಟ್ ಬಂದಾಗ ಹೋಮ್ ಬದಲಿಸಿ ನಾಲ್ಕನ್ನೂ ರೀಸ್ಟಾರ್ಟ್ ಮಾಡಿದರಾಯಿತು.

ಎಡವುವುದು ಪೋರ್ಟ್‌ಗಳಲ್ಲಿ. ಆ್ಯಪ್ ತೆರೆದುಕೊಳ್ಳುವ 8080 ಅನ್ನು 8081, 8082 ಅಂತ ಎಲ್ಲರೂ ಬದಲಿಸುತ್ತಾರೆ. 8005 ಮರೆತುಬಿಡುತ್ತಾರೆ. ಅದು ಶಟ್‌ಡೌನ್ ಪೋರ್ಟ್. ಎರಡನೇ ಟಾಮ್‌ಕ್ಯಾಟ್‌ಗೆ ಅದು ಸಿಗದಿದ್ದರೆ ಎದ್ದ ಹಾಗೇ ಮಲಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಏನೆಂದರೆ, ಆ ಪೋರ್ಟ್‌ಗೆ ಸುಮ್ನೆ 'ಶಟ್‌ಡೌನ್' ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕಳಿಸಿದರೆ ಪಕ್ಕದ ಯೂಸರ್ ಕೂಡ ನಿಮ್ಮ ಟಾಮ್‌ಕ್ಯಾಟ್ ನಿಲ್ಲಿಸಬಹುದು. ಆ ಪೋರ್ಟ್ ಸಂಖ್ಯೆಯ ಜಾಗದಲ್ಲಿ -1 ಹಾಕಿ, ನಿಲ್ಲಿಸುವ ಕೆಲಸ ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಬಿಡಿ. ಹಳೇ ಕಾನ್ಫಿಗ್ ಕಾಪಿ ಮಾಡಿದ್ದರೆ 8009ರ ಎಜೆಪಿ ಕನೆಕ್ಟರ್ ತೆಗೆದುಬಿಡಿ. ಕನೆಕ್ಟರ್ ಅಂದರೆ ಟಾಮ್‌ಕ್ಯಾಟ್ ಕೋರಿಕೆ ಪಡೆಯುವ ಬಾಗಿಲು, ಎಜೆಪಿ ಮುಂದಿನ ವೆಬ್ ಸರ್ವರ್ ಅದರ ಜೊತೆ ಮಾತಾಡುವ ಒಂದು ಭಾಷೆ. 2020ರ ಘೋಸ್ಟ್‌ಕ್ಯಾಟ್ ಎಂಬ ಭದ್ರತಾ ದೋಷ ಬಂದದ್ದು ಆ ದಾರಿಯಲ್ಲೇ. ಉಳಿದ ಕನೆಕ್ಟರ್ 127.0.0.1ಕ್ಕೆ (ಅದೇ ಯಂತ್ರದೊಳಗಿನ ವಿಳಾಸ) ಮಾತ್ರ ಕಟ್ಟಿ, ಹೊರಗಿನವರ ಕೋರಿಕೆ ಪಡೆಯಲು ಮುಂದೆ ಎನ್‌ಜಿನ್ಎಕ್ಸ್ ವೆಬ್ ಸರ್ವರ್ ಇಡಿ.

ಮೆಮೊರಿ ಹಂಚುವಾಗ ಎಂಟನ್ನು ನಾಲ್ಕರಿಂದ ಭಾಗಿಸಿ ತಲಾ 2 ಜಿಬಿ ಹೀಪ್ ಕೊಡಬೇಡಿ. ಹೀಪ್ ಆಚೆಗೆ ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ ಇಡುವ ಜಾಗ) ಇದೆ, ಕೋರಿಕೆಗಳನ್ನು ನಿಭಾಯಿಸುವ ಥ್ರೆಡ್‌ಗಳಿವೆ, ಅವಕ್ಕೂ ಮೆಮೊರಿ ಬೇಕು. ಟಾಮ್‌ಕ್ಯಾಟ್ ಸುಮ್ನೆ ಬಿಟ್ಟರೆ 200 ಥ್ರೆಡ್‌ವರೆಗೂ ಹೋಗುತ್ತದೆ. ನಾನು ತಲಾ 1 ಜಿಬಿ ಹೀಪ್ ಕೊಟ್ಟು, ಸಿಸ್ಟಮ್‌ಡಿಯ ಮೆಮೊರಿಮ್ಯಾಕ್ಸ್ ಎಂಬ ಮಿತಿಯನ್ನು 1.5 ಜಿಬಿಗೆ ಇಡುತ್ತೇನೆ. ಯಾರಾದರೂ ಗೆರೆ ದಾಟಿದರೆ ಕರ್ನಲ್ ಅವರನ್ನು ಮಾತ್ರ ಹೊರಗೆ ಹಾಕುತ್ತದೆ. ಡೇಟಾಬೇಸ್ ಕೂಡ ಅದೇ ವಿಪಿಎಸ್‌ನಲ್ಲಿದ್ದರೆ ಈ ಲೆಕ್ಕ ಕೂಡುವುದಿಲ್ಲ, ಮೂವರಿಗೇ ನಿಲ್ಲಿಸಿ.

ಮೊದಲು ಇಬ್ಬರನ್ನು ಮಾತ್ರ ಏರಿಸಿ, ಹೊರಗಿನ ಕಂಪ್ಯೂಟರಿನಿಂದ 8081 ತೆರೆಯಲು ನೋಡಿ. ತೆರೆದುಕೊಂಡರೆ ಕನೆಕ್ಟರ್ ಇನ್ನೂ ಸರಿಯಾಗಿ ಕಟ್ಟಿಲ್ಲ ಅಂತ ಅರ್ಥ.