ಕನಕಪುರ ಲೋಕಸಭಾ ಕ್ಷೇತ್ರ ಏನಾಯಿತು?

ಕನಕಪುರ ಲೋಕಸಭಾ ಕ್ಷೇತ್ರವು ಇಂದು ಅಸ್ತಿತ್ವದಲ್ಲಿಲ್ಲ. ಕ್ಷೇತ್ರ ಮರುವಿಂಗಡಣೆಯ ನಂತರ ಅದರ ಹೆಚ್ಚಿನ ಭಾಗವು 2009ರ ಚುನಾವಣೆಯಿಂದ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿತು.

ಈ ಕ್ಷೇತ್ರವು ಬಹುಕಾಲ ಕಾಂಗ್ರೆಸ್ಸಿನ ಎಂ. ವಿ. ಚಂದ್ರಶೇಖರ ಮೂರ್ತಿಯವರ ಹಿಡಿತದಲ್ಲಿತ್ತು. 1996ರಲ್ಲಿ ಎಚ್. ಡಿ. ಕುಮಾರಸ್ವಾಮಿಯವರು ಇಲ್ಲಿಂದಲೇ ಮೊದಲ ಬಾರಿಗೆ ಲೋಕಸಭೆ ಪ್ರವೇಶಿಸಿದರು. 1998ರಲ್ಲಿ ಬಿಜೆಪಿ ಗೆದ್ದಿತಾದರೂ ಮರುವರ್ಷವೇ ಮೂರ್ತಿಯವರು ಅದನ್ನು ಮರಳಿ ಪಡೆದರು. ಅವರ ನಿಧನದಿಂದ ತೆರವಾದ ಸ್ಥಾನಕ್ಕೆ 2002ರಲ್ಲಿ ನಡೆದ ಉಪಚುನಾವಣೆಯೇ, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ಇತಿಹಾಸದ ಅತ್ಯಂತ ಮಹತ್ವದ ಘಟ್ಟ: ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರು ಕಾಂಗ್ರೆಸ್ಸಿನ ಡಿ. ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಆದರೆ 2004ರಲ್ಲಿ ಅದೇ ಮತದಾರರು, ರಾಜಕೀಯಕ್ಕೆ ಹೊಸಬರಾಗಿದ್ದ ಪತ್ರಕರ್ತೆ ತೇಜಸ್ವಿನಿಯವರನ್ನು ಆರಿಸಿ, ಗೌಡರನ್ನು ಸೋಲಿಸಿದರು. (ಹಾಸನದಿಂದಲೂ ಸ್ಪರ್ಧಿಸಿದ್ದ ಗೌಡರು ಅಲ್ಲಿ ಗೆದ್ದರು.)

ಹೆಸರಿಗೆ ಗ್ರಾಮೀಣವಾಗಿದ್ದರೂ, ಬೆಂಗಳೂರಿನ ಅಂಚಿನ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರವೂ ಇದರಲ್ಲಿತ್ತು. ಬಡಾವಣೆಗಳು ಬೆಳೆದಂತೆ ಅಲ್ಲಿನ ಮತದಾರರ ಸಂಖ್ಯೆ ವಿಪರೀತ ಹೆಚ್ಚಿ, ಕನಕಪುರ, ಸಾತನೂರಿನಂಥ ರೈತ ಪ್ರದೇಶಗಳ ಮತದ ತೂಕ ಕುಗ್ಗುತ್ತಿತ್ತು. 2008ರ ಮರುವಿಂಗಡಣೆಯಲ್ಲಿ ಉತ್ತರಹಳ್ಳಿಯನ್ನು ಒಡೆಯಲಾಯಿತು, ಸಾತನೂರು ವಿಧಾನಸಭಾ ಕ್ಷೇತ್ರವೂ ರದ್ದಾಯಿತು. ಕನಕಪುರವು ವಿಧಾನಸಭಾ ಕ್ಷೇತ್ರವಾಗಿ ಮಾತ್ರ ಉಳಿದಿದೆ.